ರಸ್ತೆಬದಿಯ ರಾಜಿ ಮತ್ತು ಕಾಣದ ಗಾಯ

ಕಾರೊಂದು ಬೈಕಿಗೆ ತಗುಲಿ ಸವಾರರು ಬಿದ್ದರೆ ನಮ್ಮ ಊರುಗಳಲ್ಲಿ ನಡೆಯುವುದು ಬಹುತೇಕ ಒಂದೇ ರೀತಿ. ಜನ ಸೇರುತ್ತಾರೆ, ಬಿದ್ದವರನ್ನು ಎಬ್ಬಿಸಿ ನೀರು ಕುಡಿಸುತ್ತಾರೆ. 'ಏನೂ ಆಗಿಲ್ಲವಲ್ಲ, ಪೊಲೀಸು, ಕೋರ್ಟು ಏಕೆ?' ಎಂದು ಹಿರಿಯರೊಬ್ಬರು ಮಧ್ಯಸ್ಥಿಕೆ ವಹಿಸುತ್ತಾರೆ. ಗಾಡಿಯ ರಿಪೇರಿಗಿಷ್ಟು, ಔಷಧಕ್ಕಿಷ್ಟು ಎಂದು ಹಣ ಕೊಡಿಸಿ, 'ನನಗೆ ಯಾವ ಗಾಯವೂ ಆಗಿಲ್ಲ, ಮುಂದೆ ತಕರಾರಿಲ್ಲ' ಎಂದು ಬಿಳಿ ಹಾಳೆಯಲ್ಲಿ ಬರೆಸಿ ಸಹಿ ಹಾಕಿಸುವುದೂ ಉಂಟು. ಹಿರಿಯರ ಉದ್ದೇಶ ಒಳ್ಳೆಯದೇ. ಆದರೆ ಗಾಯವಾಗಿಲ್ಲವೆಂದು ಆ ಹೊತ್ತಿನಲ್ಲಿ ಖಚಿತವಾಗಿ ಹೇಳಬಲ್ಲವರು ಅಲ್ಲಿ ಯಾರೂ ಇರುವುದಿಲ್ಲ, ಬಿದ್ದವರೂ ಸಹ.

ಗಾಬರಿಯ ವೇಳೆ ದೇಹದಲ್ಲಿ ಸ್ರವಿಸುವ ಅಡ್ರಿನಲಿನ್ ಮೊದಲಾದ ರಸಗಳು ನೋವನ್ನು ಕೆಲಕಾಲ ಮರೆಸುತ್ತವೆ. ಕತ್ತಿನ ಉಳುಕು ಮರುದಿನ ಬೆಳಿಗ್ಗೆ ಏಳುವಾಗ ತಿಳಿಯುವುದು ಸಾಮಾನ್ಯ. ಅದಕ್ಕಿಂತ ಭಯ ತಲೆಯ ಪೆಟ್ಟಿನದು. ತಲೆಬುರುಡೆಯೊಳಗೆ ರಕ್ತ ಸೋರುತ್ತಿದ್ದರೂ ಕೆಲವರು ಗಂಟೆಗಟ್ಟಲೆ ಚೆನ್ನಾಗಿ ಮಾತನಾಡಿಕೊಂಡೇ ಇದ್ದು, ಆಮೇಲೆ ಹಠಾತ್ತನೆ ಎಚ್ಚರ ತಪ್ಪುತ್ತಾರೆ. ವಯಸ್ಸಾದವರಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಈ ಸೋರಿಕೆ ನಿಧಾನವಾಗಿ ನಡೆದು, ಎರಡು ಮೂರು ವಾರಗಳ ಬಳಿಕ ತಲೆನೋವು, ಮರೆವು, ನಡಿಗೆಯ ತೂರಾಟವಾಗಿ ಕಾಣಿಸಬಹುದು. ಅಷ್ಟರಲ್ಲಿ ಅಪಘಾತವನ್ನೇ ಮನೆಯವರು ಮರೆತಿರುತ್ತಾರೆ! ಹ್ಯಾಂಡಲ್ ಹೊಟ್ಟೆಗೆ ಬಡಿದಾಗ ಗುಲ್ಮಕ್ಕೆ ಆದ ಗಾಯವೂ ಹಾಗೆಯೇ. ಹೊರಗೆ ಒಂದು ಗೀರೂ ಇರುವುದಿಲ್ಲ.

ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಅತಿಯಾದ ಮಂಪರು, ಕೈಕಾಲುಗಳಲ್ಲಿ ಜೋಮು, ಹೊಟ್ಟೆನೋವು, ಎಡಭುಜದಲ್ಲಿ ಕಾರಣವಿಲ್ಲದ ನೋವು, ಮೂತ್ರದಲ್ಲಿ ರಕ್ತ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಅಲ್ಲಿ ನಡೆದುದನ್ನು ನಡೆದಂತೆಯೇ ಹೇಳಬೇಕು. ರಾಜಿಯ ಮಾತಿಗೆ ಕಟ್ಟುಬಿದ್ದು 'ಬಚ್ಚಲಲ್ಲಿ ಜಾರಿ ಬಿದ್ದೆ' ಎನ್ನುವವರುಂಟು. ಇದರಿಂದ ವೈದ್ಯರು ಎಲ್ಲಿ, ಏನನ್ನು ಹುಡುಕಬೇಕೆಂಬುದೇ ತಪ್ಪುತ್ತದೆ. ಮುಂದೆ ಪರಿಹಾರ ಕೇಳಿದರೆ ಆಸ್ಪತ್ರೆಯ ದಾಖಲೆಯೇ ತಮಗೆ ಎದುರು ನಿಲ್ಲುತ್ತದೆ.

ಅಪಘಾತದಲ್ಲಿ ಗಾಯಗೊಂಡವರಿಗೆ ವೈದ್ಯಕೀಯ ನೆರವು ಕೊಡಿಸುವುದು, ಪೊಲೀಸರಿಗೂ ವಿಮಾ ಕಂಪನಿಗೂ ತಿಳಿಸುವುದು 1988ರ ಮೋಟಾರು ವಾಹನ ಕಾಯ್ದೆಯ 134ನೆಯ ಕಲಮಿನಂತೆ ಚಾಲಕರ ಕರ್ತವ್ಯ. ಇತರರಿಗಾಗುವ ಹಾನಿಯ ವಿಮೆಯನ್ನು ಪ್ರತಿ ವಾಹನಕ್ಕೂ ಕಡ್ಡಾಯಗೊಳಿಸಿರುವುದು ಇಂಥ ಹೊತ್ತಿಗಾಗಿಯೇ. ರಸ್ತೆಬದಿಯಲ್ಲಿ ಸಿಕ್ಕ ಎರಡು ಸಾವಿರ ರೂಪಾಯಿ ಒಂದು ಸ್ಕ್ಯಾನಿಂಗಿಗೂ ಸಾಲದೆ ಹೋಗಬಹುದು. ಮುಚ್ಚಿಟ್ಟರೆ ಕಾರಿನವರಿಗೂ ಕ್ಷೇಮವಿಲ್ಲ. ನಾಳೆ ಗಾಯ ದೊಡ್ಡದೆಂದು ತಿಳಿದಾಗ, ಸಕಾಲದಲ್ಲಿ ಏಕೆ ತಿಳಿಸಲಿಲ್ಲ ಎಂಬ ಪ್ರಶ್ನೆ ಎದುರಾಗುತ್ತದೆ.

ರಾಜಿಯೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಗಾಡಿಗಾದ ಜಖಂ ಕಣ್ಣಿಗೆ ಕಾಣುತ್ತದೆ, ಅದನ್ನು ಮಾತನಾಡಿ ಮುಗಿಸಬಹುದು. ದೇಹದ ಮಾತು ವೈದ್ಯರು ನೋಡುವವರೆಗೆ ಕಾಯಲಿ. ಮಧ್ಯಸ್ಥರಾಗುವ ಹಿರಿಯರು ಹಾಳೆ ತರಿಸುವ ಮೊದಲು ಆಟೋ ತರಿಸಲಿ. ಈಗಾಗಲೇ ಸಹಿ ಮಾಡಿ ನೋವು ಅನುಭವಿಸುತ್ತಿರುವವರು ಎಲ್ಲ ದಾರಿಯೂ ಮುಚ್ಚಿತೆಂದು ತಾವೇ ತೀರ್ಮಾನಿಸಬಾರದು. ಮೊದಲು ಚಿಕಿತ್ಸೆ ಪಡೆದು, ತಡಮಾಡದೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬೇಕು. ಮಹಿಳೆಯರು ಮತ್ತು ಮಕ್ಕಳೂ ಸೇರಿದಂತೆ ಅರ್ಹರಿಗೆ ಅಲ್ಲಿ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ.