‘ಹೊರಗಿನವರು’ ಎಂಬ ಮಾತು ನೋಯಿಸುತ್ತಿದೆ

ಪ್ರಶ್ನೆ: ಬೆಂಗಳೂರಿನ ಕಂಪನಿಯಲ್ಲಿ 15 ವರ್ಷ ದುಡಿದು, ನಾಲ್ಕು ತಿಂಗಳ ಹಿಂದೆ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದಕ್ಕೆ ವ್ಯವಸ್ಥಾಪಕನಾಗಿ ಬಂದೆ. ಸಿಬ್ಬಂದಿ ಎದುರಿಗೆ ‘ಆಯ್ತು ಸಾರ್’ ಎನ್ನುತ್ತಾರೆ; ಕೆಲಸ ಹಳೇ ರೀತಿಯಲ್ಲೇ ನಡೆಯುತ್ತದೆ. ‘ಹೊರಗಿನವರಿಗೆ ಅಡಿಕೆ ಏನು ಗೊತ್ತು’ ಎಂಬ ಮಾತೂ ಕಿವಿಗೆ ಬಿತ್ತು. ನಿದ್ದೆ ಬರುತ್ತಿಲ್ಲ. ಬಿಟ್ಟು ಹೋಗಲೇ?

ಉತ್ತರ: ಇಷ್ಟು ವರ್ಷ ಗೌರವದಿಂದ ದುಡಿದವರಿಗೆ ಇಂಥ ಮಾತು ಚುಚ್ಚುವುದು ಸಹಜ. ಅಧ್ಯಕ್ಷರಿಗೆ ಹೇಳಿದರೆ ಕೈಲಾಗದವರು ಅಂದುಕೊಂಡಾರು, ಸಿಬ್ಬಂದಿಗೆ ಹೇಳುವಂತಿಲ್ಲ. ಈ ಒಂಟಿತನ ಮಾತಿಗಿಂತ ಹೆಚ್ಚು ಕಾಡುತ್ತಿರಬೇಕು.

ಸಿಬ್ಬಂದಿಯ ಕಡೆಯಿಂದಲೂ ಒಮ್ಮೆ ನೋಡಿ. ಅಡಿಕೆಯ ಬಗೆಗಳಲ್ಲಿ ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಎಷ್ಟು ಬೆರೆತಿದೆ ಎಂದು ಮುಟ್ಟಿ ಹೇಳಬಲ್ಲವರು ಅವರು. ಧಾರಣೆ ಬಿದ್ದ ದಿನ ರೈತರ ಸಿಟ್ಟು ಎದುರಿಸುವವರೂ ಅವರೇ. ತಮ್ಮ ಅನುಭವಕ್ಕೆ ಹೊಸಬರು ಬೆಲೆ ಕೊಡುತ್ತಾರೋ ಇಲ್ಲವೋ ಎಂಬ ಅಳುಕು ಅವರಿಗೂ ಇದೆ.

1949ರಲ್ಲಿ ಗುಜರಾತಿನ ಆಣಂದ್‌ಗೆ ಬಂದ ಕೇರಳದ ವರ್ಗೀಸ್ ಕುರಿಯನ್ ಕೂಡ ಹೊರಗಿನವರೇ. ಹೈನುಗಾರರ ವಿಶ್ವಾಸ ಗಳಿಸಿದ್ದ ತ್ರಿಭುವನದಾಸ್ ಪಟೇಲರು ಬೆನ್ನಿಗೆ ನಿಂತರು. ಪಟೇಲರ ಮೇಲಿನ ನಂಬಿಕೆ, ಕುರಿಯನ್ನರ ಆಡಳಿತ ಎರಡೂ ಸೇರಿ ಹಾಲಿನ ಸಹಕಾರ ಸಂಸ್ಥೆ ಅಮುಲ್ ಬೆಳೆಯಿತು. ಹೊಸಬರು ನೆಲೆಯೂರಲು ಅವರ ಜಾಣ್ಮೆಯೊಂದೇ ಸಾಲದು. ಸಂಸ್ಥೆಯ ಮುಖಂಡರ ಬೆಂಬಲವೂ ಬೇಕು.

ಮೊದಲು ಅಧ್ಯಕ್ಷರೊಂದಿಗೆ ಕೂತು ಮಾತಾಡಿ. ಈ ವರ್ಷ ನಿಮ್ಮಿಂದ ಏನಾಗಬೇಕು, ಯಾವ ತೀರ್ಮಾನ ನಿಮ್ಮದು, ಯಾವುದು ಆಡಳಿತ ಮಂಡಳಿಯದು ಎಂದು ಬರೆದಿಟ್ಟುಕೊಳ್ಳಿ. ಅದನ್ನು ಸಿಬ್ಬಂದಿಗೆ ಅಧ್ಯಕ್ಷರೇ ತಿಳಿಸಲಿ.

ಎರಡನೆಯದಾಗಿ, ದಿನಕ್ಕೊಂದು ತಾಸು ಅಡಿಕೆ ಚೀಲ ಬಿಚ್ಚುವ ಜಾಗದಲ್ಲಿರಿ. ಹಿರಿಯ ಸಿಬ್ಬಂದಿಯೊಬ್ಬರನ್ನು ‘ನನಗೂ ಕಲಿಸಿಕೊಡಿ’ ಎಂದು ಕೇಳಿ. ಮನಸ್ಸಿಟ್ಟು ಕೇಳಿ, ತೋರಿಕೆಗೆ ಕೇಳಿದರೆ ಅವರಿಗೆ ಗೊತ್ತಾಗುತ್ತದೆ.

ಮೂರನೆಯದಾಗಿ, ದೊಡ್ಡ ಬದಲಾವಣೆಗಳು ಒಂದು ಹಂಗಾಮು ಕಾಯಲಿ. ತೂಕದ ಚೀಟಿಗೆ ರೈತರು ಗಂಟೆಗಟ್ಟಲೆ ಕಾಯುವಂಥ ಒಂದು ಸಣ್ಣ ತೊಡಕನ್ನು ಸಿಬ್ಬಂದಿಯ ಜೊತೆಗೂಡಿ ಬಿಡಿಸಿ. ಹೆಸರು ಅವರಿಗೇ ಬರಲಿ.

ನಿದ್ದೆಗೇಡು ಎರಡು ವಾರ ದಾಟಿದ್ದರೆ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇದನ್ನು ಓದುತ್ತಿರುವ ಸಂಘಗಳ ನಿರ್ದೇಶಕರಿಗೂ ಒಂದು ಮಾತು: ನೇಮಕದ ಆದೇಶ ಕೈಗಿತ್ತಲ್ಲಿಗೆ ನಿಮ್ಮ ಹೊಣೆ ಮುಗಿಯುವುದಿಲ್ಲ. ಮೊದಲ ವರ್ಷ ಹೊಸಬರ ಜೊತೆಗಿರಿ.

ದಣಿದ ಮನಸ್ಸಿನಲ್ಲಿ ಬಿಡುವ ತೀರ್ಮಾನ ಬೇಡ. ಹಂಗಾಮು ಮುಗಿದ ಮೇಲೂ ಯಾರೂ ಜೊತೆ ನಿಲ್ಲದಿದ್ದರೆ ಆಗ ಯೋಚಿಸಿ. ಅಂಥ ಕಡೆಯಿಂದ ಹೊರಟರೆ ಅದು ನಿಮ್ಮ ಸೋಲಾಗುವುದಿಲ್ಲ.