ಬೋರ್ಡೋ ದ್ರಾವಣಕ್ಕೆ ಒಂದೇ ದಿನದ ಆಯುಸ್ಸು ಏಕೆ?



ಮುಂಗಾರಿಗೆ ಮುಂಚೆ ಅಡಿಕೆ ಗೊನೆಗಳಿಗೆ ಬೋರ್ಡೋ ಹೊಡೆಸುವುದು ನಮಗೆಲ್ಲ ಗೊತ್ತಿರುವ ಕೆಲಸ. ಮೈಲುತುತ್ತ, ಸುಣ್ಣ, ನೀರು, ಈ ಮೂರೇ ಸಾಮಗ್ರಿ. ಆದರೂ ಒಂದೇ ಊರಿನಲ್ಲಿ, ಒಂದೇ ಮಳೆಯಲ್ಲಿ, ಒಬ್ಬರ ತೋಟದ ಗೊನೆ ಉಳಿಯುತ್ತದೆ, ಪಕ್ಕದ ತೋಟದಲ್ಲಿ ಕಾಯಿ ಉದುರುತ್ತದೆ. ಸಿಂಪಡಿಸಿದ ಕಾಲ ಮತ್ತು ಗೊನೆ ಪೂರ್ತಿ ನೆನೆಯಿತೇ ಎಂಬುದರ ಜೊತೆಗೆ, ದ್ರಾವಣ ಕಲಸಿದ ಕ್ರಮ ಮತ್ತು ಅದು ಪೀಪಾಯಿಯಲ್ಲಿ ಕಾದ ಹೊತ್ತು ಕೂಡ ಇದಕ್ಕೆ ಕಾರಣವಾಗುತ್ತದೆ. ಏಕೆಂಬುದನ್ನು ಈ ಪಾಠದಲ್ಲಿ ನೋಡೋಣ.

ಹಿಂದಿನ ಕಥೆ

ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಸುಣ್ಣ ಮತ್ತು ಮೈಲುತುತ್ತ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಷ್ಟು ರೋಗ ತಗುಲದಿದ್ದುದನ್ನು ಮಿಲಾರ್ಡೆ ಎಂಬ ವಿಜ್ಞಾನಿ 1882ರಲ್ಲಿ ಗಮನಿಸಿ, 1885ರಲ್ಲಿ ಪ್ರಕಟಿಸಿದರು. ನಮ್ಮ ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಫೈಟಾಫ್ತೊರ ಕಾರಣವೆಂದು 1910ರಲ್ಲಿ ವಿವರಿಸಿ, ಗೊನೆಗಳಿಗೆ ಈ ದ್ರಾವಣ ಸಿಂಪಡಿಸುವ ಪದ್ಧತಿಯನ್ನು ಮಲೆನಾಡಿಗೆ ತಂದರು.

ಇದು ದ್ರಾವಣವಲ್ಲ, ಲೋಳೆ

ನಾವು ದ್ರಾವಣ ಎಂದು ಕರೆದರೂ ಬೋರ್ಡೋ ನಿಜವಾದ ದ್ರಾವಣವಲ್ಲ. ಉಪ್ಪು ನೀರಿನಲ್ಲಿ ಕರಗಿ ಕಾಣದಾಗುತ್ತದೆ. ಬೋರ್ಡೋದಲ್ಲಿ ತಾಮ್ರ ಕರಗಿರುವುದಿಲ್ಲ. ಸುಣ್ಣ ತಗುಲಿದ ಕೂಡಲೆ ಅದು ಅತಿ ಸಣ್ಣ ಕಣಗಳಾಗಿ, ತೆಳುಪೊರೆಗಳಾಗಿ ಒಡೆದು, ತನ್ನೊಳಗೆ ನೀರನ್ನು ಹಿಡಿದುಕೊಂಡು ತೇಲುತ್ತದೆ. ಮೊಸರಿನಲ್ಲಿ ಹಾಲಿನ ಸಸಾರಜನಕದ ಜಾಲ ನೀರನ್ನು ಹಿಡಿದಿರುವಂತೆ, ಕಾಫಿ ಬೀಜದ ಮೇಲಿನ ಲೋಳೆಯಲ್ಲಿ ಪೆಕ್ಟಿನ್ ನೀರನ್ನು ಹಿಡಿದಿರುವಂತೆ ಇದೂ ಒಂದು ಬಗೆಯ ಲೋಳೆ. ಪೂರ್ತಿ ಗಟ್ಟಿಯೂ ಅಲ್ಲದ, ಪೂರ್ತಿ ನೀರೂ ಅಲ್ಲದ ಇಂಥವನ್ನು ಭೌತವಿಜ್ಞಾನಿಗಳು ಮೃದು ಪದಾರ್ಥಗಳೆನ್ನುತ್ತಾರೆ. ಬೆಂಗಳೂರಿನ ಪಶ್ಚಿಮಕ್ಕಿರುವ ಬ್ಯಾಡರಹಳ್ಳಿಯಿಂದ ವಾಯುವ್ಯಕ್ಕೆ ಹೋದರೆ, ದಾಸನಪುರ ಹೋಬಳಿಯ ಶಿವನಪುರದಲ್ಲಿ ಇವುಗಳ ಅಧ್ಯಯನಕ್ಕೆಂದೇ ಒಂದು ಕೇಂದ್ರ ಸರ್ಕಾರಿ ಸಂಸ್ಥೆಯಿದೆ. ಪ್ರೊ. ಎಸ್. ಚಂದ್ರಶೇಖರ್ ಅವರು 1991ರಲ್ಲಿ ದ್ರವ ಸ್ಫಟಿಕಗಳ ಸಂಶೋಧನೆಗಾಗಿ ಆರಂಭಿಸಿದ ಕೇಂದ್ರವೇ ಇಂದಿನ ನ್ಯಾನೋ ಮತ್ತು ಮೃದು ಪದಾರ್ಥ ವಿಜ್ಞಾನಗಳ ಕೇಂದ್ರ.

ಕಣ ಸಣ್ಣದಾದಷ್ಟೂ ಹಿಡಿತ ಹೆಚ್ಚು

ಒಂದು ಸೆಂಟಿಮೀಟರಿನ ಘನಾಕಾರದ ತುಂಡಿಗೆ 6 ಚದರ ಸೆಂಟಿಮೀಟರ್ ಮೈ ಇರುತ್ತದೆ. ಅದನ್ನೇ ಒಂದು ಮಿಲಿಮೀಟರಿನ 1000 ತುಂಡು ಮಾಡಿದರೆ ಒಟ್ಟು ಮೈ 60 ಚದರ ಸೆಂಟಿಮೀಟರ್. ತೂಕ ಅಷ್ಟೇ, ಮೈ ಹತ್ತು ಪಟ್ಟು. ಹೊಸ ಬೋರ್ಡೋದ ಕಣಗಳು ಇದಕ್ಕಿಂತ ಎಷ್ಟೋ ಸಣ್ಣವು. ಆದ್ದರಿಂದಲೇ ಅವು ಕಾಯಿಯ ನುಣುಪು ಸಿಪ್ಪೆಗೆ ಮೈತುಂಬ ತಾಗಿ ಕೂರುತ್ತವೆ. ಒಣಗುವಾಗ ಲೋಳೆ ಕುಗ್ಗಿ ತೆಳುಪೊರೆಯಾಗಿ ಕಚ್ಚಿಕೊಳ್ಳುತ್ತದೆ. ಮೊಸರು ಮತ್ತೆ ಹಾಲಾಗದು; ಹಾಗೆಯೇ ಒಣಗಿದ ಈ ಪೊರೆ ಮಳೆಯಲ್ಲಿ ಸುಲಭವಾಗಿ ಮತ್ತೆ ಲೋಳೆಯಾಗದು. ಮಳೆನೀರು ತಾಗಿದಾಗ ಅದರಿಂದ ತುಸುತುಸುವೇ ತಾಮ್ರ ಬಿಡುಗಡೆಯಾಗಿ, ನೀರಿನಲ್ಲಿ ಈಜಿ ಬರುವ ರೋಗದ ಬೀಜಾಣುಗಳನ್ನು ಕೊಲ್ಲುತ್ತದೆ.

ಆದರೆ ಈ ಲೋಳೆ ಪೀಪಾಯಿಯಲ್ಲಿ ಸುಮ್ಮನೆ ಕೂರುವುದಿಲ್ಲ. ಹೊತ್ತು ಕಳೆದಂತೆ ಪೊರೆಗಳು ಮುರಿದು, ಕಣಗಳು ಸೇರಿಕೊಂಡು, ದಪ್ಪ ಹರಳುಗಳಾಗುತ್ತವೆ. ತಾಮ್ರದ ತೂಕ ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ, ಅಂಟುವ ಗುಣ ಮಾತ್ರ ಹೋಗಿರುತ್ತದೆ. ಕೊನೆಗಾರ ಬಾರದೆ ಉಳಿದ ನಿನ್ನೆಯ ಬೋರ್ಡೋವನ್ನು ಇಂದು ಚೆನ್ನಾಗಿ ಕಲಕಿ ಹೊಡೆಸಿದರೆ ಬಣ್ಣ ನೀಲಿಯಾಗಿಯೇ ಕಾಣುತ್ತದೆ. ಮೊದಲ ಜೋರು ಮಳೆಗೆ ಗೊನೆ ತೊಳೆದುಹೋಗುತ್ತದೆ. ಔಷಧಿಯ ಹಣ, ಕೂಲಿ, ಬೆಳೆ ಮೂರೂ ನಷ್ಟ.

ಕಲಸುವ ಕ್ರಮ, ಅದರ ಕಾರಣ

1. ಶೇಕಡ 1ರ ಬೋರ್ಡೋಗೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. 1 ಕಿಲೋ ಸುಟ್ಟ ಸುಣ್ಣವನ್ನು ಅರಳಿಸಿ ಸೋಸಿ, ಇನ್ನೊಂದು 50 ಲೀಟರ್ ನೀರಿನಲ್ಲಿ ಕಲಸಬೇಕು. ಹಳೆಯ ಸುಣ್ಣ ಗಾಳಿಗೆ ಸೀಮೆಸುಣ್ಣದಂತಾಗಿ ಸತ್ವ ಕಳೆದುಕೊಂಡಿರುತ್ತದೆ.

2. ಸುಣ್ಣದ ನೀರು ಪೂರ್ತಿ ತಣ್ಣಗಾಗಲಿ. ಬಿಸಿಯಲ್ಲಿ ಬೆರೆಸಿದರೆ ಕಣಗಳು ದಪ್ಪವಾಗುತ್ತವೆ.

3. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಬಿಡದೆ ಕಲಕಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದು. ಸುಣ್ಣ ಸದಾ ಹೆಚ್ಚಿದ್ದರೆ ಕಣಗಳು ನವಿರಾಗುತ್ತವೆ.

4. ಮಣ್ಣಿನ, ಮರದ ಅಥವಾ ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು. ಕಬ್ಬಿಣದ ಪಾತ್ರೆ ತಾಮ್ರವನ್ನು ತನ್ನ ಮೈಗೆ ಎಳೆದುಕೊಳ್ಳುತ್ತದೆ.

5. ಇದೇ ಗುಣ ಪರೀಕ್ಷೆಗೆ ಉಪಯೋಗ. ಉಜ್ಜಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ನೋಡಿ. ಅಲಗು ಕೆಂಪಗಾದರೆ ಇನ್ನೂ ಬಿಡಿ ತಾಮ್ರವಿದೆ, ಎಳೆಕಾಯಿ ಸುಡುತ್ತದೆ. ಕೆಂಪು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಿ.

ಅಂದಿನದನ್ನು ಅಂದೇ ಮುಗಿಸುವಷ್ಟೇ ಕಲಸುವುದು ಜಾಣತನ. ಅನಿವಾರ್ಯವಾಗಿ ಸ್ವಲ್ಪ ಕಾಲ ಇಡಬೇಕಾದರೆ 100 ಲೀಟರಿಗೆ 100 ಗ್ರಾಂ ಬೆಲ್ಲವನ್ನು ಕಲಸಿದ ದಿನವೇ ಹಾಕಬೇಕು. ಸಕ್ಕರೆಯ ಅಂಶ ಹರಳು ಬೆಳೆಯುವುದನ್ನು ತಡಮಾಡುತ್ತದೆ. ಆಗಲೇ ಹರಳಾದದ್ದನ್ನು ಬೆಲ್ಲ ಮತ್ತೆ ಲೋಳೆ ಮಾಡದು. ಮೈಲುತುತ್ತದ ನೀರು ಮತ್ತು ಸುಣ್ಣದ ನೀರನ್ನು ಬೇರೆಬೇರೆಯಾಗಿಟ್ಟು, ಕೊನೆಗಾರ ಬಂದ ಮೇಲೆ ಬೆರೆಸುವುದು ಇದಕ್ಕಿಂತ ಮೇಲು.

ಕಾಫಿಗೂ ಇದೇ ನಿಯಮ

ಕಾಫಿ ಎಲೆ ತುಕ್ಕಿಗೆ ಶೇಕಡ 0.5ರ, ಕೊಳೆರೋಗಕ್ಕೆ ಶೇಕಡ 1ರ ಬೋರ್ಡೋ ಬಳಕೆಯಲ್ಲಿದೆ. ಕಾಫಿಯ ಕೊಳೆರೋಗಕ್ಕೂ ಅಡಿಕೆಯದಕ್ಕೂ ಹೆಸರು ಒಂದೇ, ಶಿಲೀಂಧ್ರ ಬೇರೆ. ಪೊರೆ ಕೆಲಸ ಮಾಡುವ ಬಗೆ ಒಂದೇ. ಪೊರೆ ರೋಗ ಬರುವ ಮೊದಲೇ ಒಣಗಿ ಕೂತಿರಬೇಕು. ಅಡಿಕೆಗೆ ಮುಂಗಾರು ಹಿಡಿಯುವ ಮುನ್ನ ಒಮ್ಮೆ, 40–45 ದಿನಗಳ ನಂತರ ಬಿಸಿಲು ಕಂಡಾಗ ಇನ್ನೊಮ್ಮೆ, ಮಳೆ ಮುಂದುವರಿದರೆ ಮೂರನೆಯ ಬಾರಿ ಹೊಡೆಸಬೇಕು. ಗೊನೆ ಬೆಳೆದಂತೆ ಹೊಸ ಮೈಗೆ ಪೊರೆ ಇರುವುದಿಲ್ಲ ಎಂಬುದನ್ನು ಮರೆಯಬಾರದು.

ಭಯದಿಂದ ಪ್ರಮಾಣ ಹೆಚ್ಚಿಸುವುದೂ ಸರಿಯಲ್ಲ. ಹೆಚ್ಚಾದ ತಾಮ್ರ ತೋಟದ ಮಣ್ಣಿನಲ್ಲೇ ಉಳಿದು ವರ್ಷ ವರ್ಷಕ್ಕೂ ಸೇರುತ್ತ ಹೋಗುತ್ತದೆ. ಈ ಸಲ ಪೀಪಾಯಿ ತುಂಬುವ ಮೊದಲು ಎಷ್ಟು ಮರ, ಎಷ್ಟು ಮಂದಿ ಕೊನೆಗಾರರು, ಸಂಜೆಯೊಳಗೆ ಎಷ್ಟು ಲೀಟರ್ ಖರ್ಚಾದೀತು ಎಂದು ಲೆಕ್ಕ ಹಾಕಿ, ಅಷ್ಟನ್ನೇ ಬೆರೆಸೋಣ.