ರೋಗಿಯ ಕೈಗೆ ಕೊಡುವ ಚೀಟಿ ಹೇಗಿರಬೇಕು?



ದವಾಖಾನೆಯಲ್ಲಿ ಡಾಕ್ಟರು ಹೇಳಿದ ಮಾತು ಮನೆ ಮುಟ್ಟುವಷ್ಟರಲ್ಲಿ ಅರ್ಧ ಮರೆತುಹೋಗಿರುತ್ತದೆ. ಗುಳಿಗೆ ಕೈಯಲ್ಲಿರುತ್ತವೆ, ಎಷ್ಟು ದಿನ ತಗೋಬೇಕು, ತ್ರಾಸಾದರೆ ಏನು ಮಾಡಬೇಕು ಎಂಬುದು ನೆನಪಿರುವುದಿಲ್ಲ. ಅದಕ್ಕೇ ರೋಗಿಯ ಕೈಗೆ ಒಂದು ಚೀಟಿ ಬೇಕು. ಅದನ್ನು ನಮ್ಮ ಸಂಘದವರೇ ತಯಾರಿಸಬಹುದು. ಇಂದಿನ ಪಾಠಕ್ಕೆ ಕ್ಷಯ, ಅಂದರೆ ಟಿ.ಬಿ. ರೋಗವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಟಿ.ಬಿ.ಯನ್ನೇ ಯಾಕೆ?

ಇಳಕಲ್ಲಿನ ಕಡೆ ಗ್ರಾನೈಟ್ ಕಲ್ಲಿನ ಕೆಲಸವಿದೆ. ವರ್ಷಗಟ್ಟಲೆ ಕಲ್ಲಿನ ಧೂಳು ಎಳೆದುಕೊಂಡ ಶ್ವಾಸಕೋಶಕ್ಕೆ ಟಿ.ಬಿ. ಬೇಗ ತಗಲುತ್ತದೆ. ಬಾದಾಮಿ, ಹುನಗುಂದದ ಹಳ್ಳಿಗಳಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋಗುವವರು ಇಕ್ಕಟ್ಟಾದ ಶೆಡ್ಡುಗಳಲ್ಲಿ ಮಲಗುತ್ತಾರೆ. ಗಾಳಿ ಆಡದ ಜಾಗದಲ್ಲಿ ಈ ರೋಗ ಸುಲಭವಾಗಿ ಹರಡುತ್ತದೆ.

ಸಾಮಾನ್ಯ ಟಿ.ಬಿ.ಗೆ ಆರು ತಿಂಗಳು ದಿನಾಲೂ ಗುಳಿಗೆ ತೆಗೆದುಕೊಳ್ಳಬೇಕು. ಸರಕಾರಿ ದವಾಖಾನೆಯಲ್ಲಿ ಇದು ಉಚಿತ. ಆದರೂ ನಡುವೆ ಬಿಡುವವರಿದ್ದಾರೆ. ಎರಡು ಕಾರಣ ನೋಡಿ. ಒಂದು, ರಿಫಾಂಪಿಸಿನ್ ಎಂಬ ಔಷಧಿಯಿಂದ ಮೂತ್ರ ಕೆಂಪು-ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. 'ಯವ್ವಾ, ರಕ್ತ ಹೊಂಟೈತಿ' ಎಂದು ಹೆದರಿ ಬಿಡುತ್ತಾರೆ. ಎರಡು, ತಿಂಗಳೆರಡು ತಿಂಗಳಲ್ಲಿ ಕೆಮ್ಮು ನಿಂತು ಮೈ ತುಂಬಿಕೊಳ್ಳುತ್ತದೆ. 'ಆರಾಮ ಆತು' ಎಂದು ಬಿಡುತ್ತಾರೆ. ಒಳಗೆ ಉಳಿದ ರೋಗಾಣು ಮತ್ತೆ ಬೆಳೆಯುತ್ತದೆ, ಆಗ ಮೊದಲಿನ ಗುಳಿಗೆಗೆ ಬಗ್ಗದೇ ಹೋಗಬಹುದು. ಒಂದು ಸಣ್ಣ ಚೀಟಿ ಈ ಎರಡು ಕಡೆ ರೋಗಿಯನ್ನು ಹಿಡಿದು ನಿಲ್ಲಿಸಿದರೆ ಒಂದು ಜೀವ ಉಳಿದಂತೆ.

ತಯಾರಿಸುವ ಕ್ರಮ

1. ಮೊದಲು ಕೇಳಿರಿ. ಚಿಕಿತ್ಸೆ ಮುಗಿಸಿದವರನ್ನು ಕಂಡು, 'ನಿಮಗ ಯಾವಾಗ ಅಂಜಿಕಿ ಆತು? ಯಾವಾಗ ಬಿಡಬೇಕು ಅನಿಸ್ತು?' ಎಂದು ಕೇಳಿರಿ. ಅವರ ಉತ್ತರವೇ ಚೀಟಿಯ ವಿಷಯ.

2. ಮಾಡಬೇಕಾದ್ದನ್ನಷ್ಟೇ ಬರೆಯಿರಿ. ಟಿ.ಬಿ. ರೋಗಾಣುವನ್ನು ರಾಬರ್ಟ್ ಕಾಕ್ 1882ರಲ್ಲಿ ಕಂಡುಹಿಡಿದರು. ಶಾಲೆಯ ಮಕ್ಕಳಿಗೆ ಇದು ಬೇಕಾದ ಮಾತು, ಚೀಟಿಯಲ್ಲಿ ಇದಕ್ಕೆ ಜಾಗವಿಲ್ಲ. ಐದಾರು ಮಾತು ಸಾಕು.

3. ನಮ್ಮ ಮಾತಿನಲ್ಲಿ ಬರೆಯಿರಿ. 'ಔಷಧೋಪಚಾರವನ್ನು ಸ್ಥಗಿತಗೊಳಿಸಬಾರದು' ಎಂದರೆ ಯಾರಿಗೆ ತಿಳಿದೀತು? 'ಗುಳಿಗಿ ನಡುವ ಬಿಡಬ್ಯಾಡ್ರಿ' ಎನ್ನಿರಿ. 'ಕಫ ತನ್ನಿ' ಎಂದರೆ ಕೆಲವರು ಉಗುಳು ತರುತ್ತಾರೆ. 'ಎದಿಯೊಳಗಿಂದ ಕೆಮ್ಮಿ ತೆಗೆದ ಕಫ' ಎಂದು ಬಿಡಿಸಿ ಬರೆಯಿರಿ.

4. ಓದು ಬಾರದವರನ್ನು ನೆನೆಯಿರಿ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 69. ಅಂದರೆ ಹತ್ತರಲ್ಲಿ ಮೂವರಿಗೆ ಅಕ್ಷರ ಬಾರದು. ಅಕ್ಷರ ದೊಡ್ಡದಿರಲಿ, ಒಂದು ಮಾತಿಗೆ ಒಂದು ಚಿತ್ರವಿರಲಿ. ಎಲುಬಿನ ಗೂಡು, ತಲೆಬುರುಡೆ ಬೇಡ, ಅವು ಹೆದರಿಸುತ್ತವೆ.

5. ಮಾನ ಕಾಯಿರಿ. ಸೊಸೆಯೊಬ್ಬಳು ಚೀಟಿಯನ್ನು ಅತ್ತೆಗೆ ಕಾಣದಂತೆ ಸೀರೆಗಂಟಿನಲ್ಲಿ ಮುಚ್ಚಿಡಬೇಕಾದರೆ ಅದರಿಂದೇನು ಉಪಯೋಗ? ಮೇಲೆ 'ಕ್ಷಯರೋಗಿ' ಎಂದು ದೊಡ್ಡದಾಗಿ ಬರೆಯದೆ 'ನನ್ನ ಗುಳಿಗಿ ಚೀಟಿ' ಎನ್ನಿರಿ. ಯಾರದೇ ಹೆಸರು, ಫೋಟೋ ಹಾಕಬೇಡಿ.

6. ಡಾಕ್ಟರಿಗೆ ತೋರಿಸಿರಿ. ಗುಳಿಗೆ ಎಷ್ಟೆಂಬುದು ರೋಗಿಯ ತೂಕದ ಮೇಲಿದೆ. ಆ ಜಾಗ ಖಾಲಿ ಬಿಡಿ, ದವಾಖಾನೆಯವರು ತುಂಬಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಓದಿ ಒಪ್ಪಿದ ಮೇಲೆಯೇ ಅಚ್ಚು ಹಾಕಿಸಿರಿ.

7. ಪರೀಕ್ಷೆ ಮಾಡಿರಿ. 'ತಿಳೀತೇನ್ರೀ?' ಎಂದರೆ ಎಲ್ಲರೂ 'ಹೂಂ ರೀ' ಎನ್ನುತ್ತಾರೆ. 'ಮನಿಗೆ ಹೋಗಿ ನಿಮ್ಮವರಿಗೆ ಹೆಂಗ ಹೇಳ್ತೀರಿ? ಹೇಳ್ರಿ ನೋಡೂಣು' ಎಂದು ಕೇಳಿರಿ. ಆಕೆ ಎಲ್ಲಿ ತಡವರಿಸುತ್ತಾಳೋ ಅಲ್ಲಿ ಚೀಟಿಯನ್ನು ತಿದ್ದಬೇಕು.

ಮಾದರಿ: ನನ್ನ ಗುಳಿಗಿ ಚೀಟಿ

• ದಿನಾ ಒಂದೇ ಹೊತ್ತಿಗೆ ಗುಳಿಗಿ ತಗೋರಿ. ಎಷ್ಟು: ______
• ಮೂತ್ರ ಕೆಂಪಾದ್ರ ಅಂಜಬ್ಯಾಡ್ರಿ. ಅದು ಔಷಧದ ಬಣ್ಣ.
• ಆರಾಮ ಅನಿಸಿದ್ರೂ ಡಾಕ್ಟರ್ ಹೇಳೂ ತನಕ ಬಿಡಬ್ಯಾಡ್ರಿ.
• ಕಣ್ಣು ಹಳದಿ ಆದ್ರ, ದೃಷ್ಟಿ ಮಂಜಾದ್ರ, ವಾಂತಿ ನಿಲ್ಲದಿದ್ರ ಅವತ್ತ ದವಾಖಾನಿಗೆ ಬರ್ರಿ.
• ಕೆಮ್ಮುವಾಗ ಬಾಯಿಗೆ ಅರಿವಿ ಹಿಡೀರಿ. ಕಿಟಕಿ ತೆರೀರಿ. ತಾಟು, ಲೋಟ ಬ್ಯಾರೆ ಇಡೂದು ಬ್ಯಾಡ.
• ದುಡಿಯಾಕ ಊರು ಬಿಡೂದಿದ್ರ ಮೊದಲ ಆಶಾ ಅಕ್ಕಗ ಹೇಳ್ರಿ. ಹೋದ ಊರಾಗೂ ಗುಳಿಗಿ ಸಿಗತಾವು.
• ಪುಕ್ಕಟೆ ಸಹಾಯವಾಣಿ: 1800-11-6666

ಸಂಘದ ಇನ್ನೊಂದು ಕೆಲಸ

ನಿಕ್ಷಯ್ ಪೋಷಣ್ ಯೋಜನೆ 2018ರಲ್ಲಿ ಆರಂಭವಾಯಿತು. ಚಿಕಿತ್ಸೆಯಲ್ಲಿರುವವರಿಗೆ ಊಟದ ಖರ್ಚಿಗಾಗಿ ಮೊದಲು ತಿಂಗಳಿಗೆ 500 ರೂ. ಇತ್ತು, 2024ರ ನವೆಂಬರ್‌ನಿಂದ ಅದು 1000 ರೂ. ಆಗಿದೆ. ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಪಾಸ್‌ಬುಕ್ ವ್ಯವಹಾರ ನಮಗೆ ಗೊತ್ತು. ಖಾತೆ ಇಲ್ಲದವರಿಗೆ ಖಾತೆ ತೆರೆಸಿಕೊಡುವುದು ಸಂಘಕ್ಕೆ ಭಾರವೇನಲ್ಲ.

ಸಭೆಯಲ್ಲಿ ಚರ್ಚಿಸಿರಿ

ಅ. ನಮ್ಮೂರಲ್ಲಿ ಎರಡು ವಾರಕ್ಕಿಂತ ಹೆಚ್ಚು ಕೆಮ್ಮುತ್ತಿರುವವರು ಯಾರಾದರೂ ಇದ್ದರೆ, ಅವರನ್ನು ಕಫ ಪರೀಕ್ಷೆಗೆ ಯಾರು ಕರೆದೊಯ್ಯುತ್ತೀರಿ?
ಆ. ಮೇಲಿನ ಮಾದರಿಯಲ್ಲಿ ನಿಮ್ಮ ಓಣಿಯವರಿಗೆ ತಿಳಿಯದ ಮಾತು ಯಾವುದು? ಅದನ್ನು ಹೇಗೆ ಬದಲಿಸುತ್ತೀರಿ?
ಇ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರಿಗೆ ಇಂಥದೇ ಚೀಟಿ ಮಾಡುವುದಾದರೆ ಮೊದಲ ಮಾತು ಏನಿರಬೇಕು?